ಗಾಜು ಬೆಳಗಾಗುವುದರೊಳಗೆ ಕೂರಬೇಕು: ನನ್ನ ಅನುಭವ

"ಒಂದು ಚೀಲ ಕಾಫಿಯಿಂದ ಗಲಾಟೆ ನಿಲ್ಲುತ್ತಾ?" ಅಂತ ಕೇಳಿದವರೇ ಈಗ, ಕೋಮು ಗಲಾಟೆ ಹಬ್ಬದಂತೆ ತಡೆಯಲು ನಾವು ಕಟ್ಟಿಕೊಂಡ ನಿಧಿಗೆ ಕಣದಿಂದ ಚೀಲ ಕಳಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಶಾಂತಿ ಸಭೆ ಹೇಗೆ ಕರೆಯಬೇಕು ಅಂತ ಸೌಹಾರ್ದದ ಕೆಲಸ ಮಾಡುವ ನಿಮಗೆ ಹೇಳಬೇಕಿಲ್ಲ. ದುಡ್ಡಿನ ಮಾತಷ್ಟೇ ಹೇಳುತ್ತೇನೆ.

2015ರ ನವೆಂಬರ್ 10, ಟಿಪ್ಪು ಜಯಂತಿಯ ದಿನ ಮಡಿಕೇರಿಯಲ್ಲಿ ಗಲಾಟೆಯಾಗಿ ಜೀವ ಹೋಯಿತು. ಆ ವಾರ ಕೊಡಗಿನ ಸಿದ್ದಾಪುರ ಕಡೆಯ ನಮ್ಮ ಪೇಟೆಯಲ್ಲೂ ಶಟರ್ ಎತ್ತಲು ಹೆದರಿಕೆ. ಮರುವರ್ಷ ಸೌಹಾರ್ದ ಸಮಾವೇಶ ಮಾಡಿದೆವು. ಶಾಮಿಯಾನ, ಮೈಕು, ಊಟ, ಶಾಲು ಎಲ್ಲ ಸೇರಿ 40 ಸಾವಿರ ದಾಟಿತು. ಮೂರು ತಿಂಗಳಿಗೆ ಒಂದು ಸುಳ್ಳು ವಾಟ್ಸಾಪ್ ಆಡಿಯೋ ಹರಿದಾಡಿತು. ವೇದಿಕೆ ಮೇಲೆ ತಬ್ಬಿಕೊಂಡವರು ಒಬ್ಬರಿಗೊಬ್ಬರು ಫೋನ್ ಕೂಡ ಮಾಡಲಿಲ್ಲ.

ಆಮೇಲೆ ಹೊರಗಿನ ಸಂಸ್ಥೆಯೊಂದರಿಂದ 60 ಸಾವಿರ ಬಂತು. "ಇವರಿಗೆ ದುಡ್ಡು ಎಲ್ಲಿಂದ ಬರುತ್ತೆ?" ಅನ್ನುವ ಗುಸುಗುಸು ಎರಡೂ ಕಡೆ ಶುರುವಾಯಿತು. ವಾಪಸ್ ಕೊಟ್ಟೆ. ಅಷ್ಟರಲ್ಲಿ ಖರ್ಚಾಗಿದ್ದ 11 ಸಾವಿರವನ್ನು ನನ್ನ ಕರಿಮೆಣಸು ಮಾರಿ ತುಂಬಿಸಿದೆ. ಮನೆಯಲ್ಲಿ ಸುಮಾರು ದಿನ ಮಾತಿಲ್ಲ.

2018ರ ಆಗಸ್ಟ್ ಮಳೆಗೆ ಗುಡ್ಡ ಕುಸಿದಾಗ ಪರಿಹಾರ ಕೇಂದ್ರಗಳಿಗೆ ಅಕ್ಕಿ ಸಾಗಿಸಿದೆವು. ಜೀಪಿನ ಡೀಸೆಲ್‌ಗೆ ಯಾರೂ ಯಾರನ್ನೂ ಕಾಯಲಿಲ್ಲ. ದುಡ್ಡು ನಮ್ಮದೇ, ಕೈಯಲ್ಲೇ ಇತ್ತು. ಗಲಾಟೆಯ ಹೊತ್ತಿಗೂ ಹೀಗೇ ನಮ್ಮದೇ ದುಡ್ಡು ಕೈಯಲ್ಲಿರಬೇಕು ಅಂತ ನನಗೆ ಅಲ್ಲೇ ಹೊಳೆಯಿತು.

ಆ ಕೊಯ್ಲಿಗೆ ತೋಟಕ್ಕೊಂದು ಚೀಲ ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಕೇಳಿದೆ. ಆಗ 50 ಕೆಜಿ ಚೀಲಕ್ಕೆ 3,500ರ ಆಸುಪಾಸು. 14 ಚೀಲ ಸಿಕ್ಕಿತು. ಆಟೋದವರು ದಿನಕ್ಕೆ 5 ರೂಪಾಯಿ ಹಾಕಿದರು. ದೇವಸ್ಥಾನ, ಮಸೀದಿ, ಚರ್ಚಿನ ಸಮಿತಿಗಳಿಂದ ಸಮಸಮ 2,000. ಜಾಸ್ತಿ ಕೊಡುತ್ತೇವೆ ಅಂದವರಿಗೆ ಬೇಡ ಅಂದೆ. ಜಾಸ್ತಿ ಕೊಟ್ಟವರ ಮಾತೇ ನಡೆಯುತ್ತೆ, ಅಲ್ವಾ? ಪಕ್ಷದವರ ದುಡ್ಡು ಮುಟ್ಟಲೇ ಇಲ್ಲ. ಜಂಟಿ ಖಾತೆ ಇದೆ. ಆದರೂ 20 ಸಾವಿರ ನಗದು ಯಾವಾಗಲೂ ಹೊರಗೇ ಇರುತ್ತೆ. ಯಾರ ಮನೆಯಲ್ಲಿ ಅಂತ ಮೂವರಿಗೆ ಮಾತ್ರ ಗೊತ್ತು. ಇಲ್ಲಿ ಬರೆಯುವುದಿಲ್ಲ.

ಮೊದಲ ಪರೀಕ್ಷೆ ಬಂದದ್ದು ಒಂದು ಮೆರವಣಿಗೆಯ ರಾತ್ರಿ. ಬೇಕರಿಯೊಂದರ ಗಾಜಿಗೆ ಕಲ್ಲು ಬಿತ್ತು. ಹನ್ನೊಂದಕ್ಕೆ ಫೋನ್ ಬಂತು. ಗಾಜಿನಂಗಡಿಯವನನ್ನು ಎಬ್ಬಿಸಿ, ಜೀಪಿನಲ್ಲಿ ಕಂಬಳಿ ಹಾಸಿ ಗಾಜು ತಂದೆವು. "ಕಾಕ, ಪೊಲೀಸರು ಫೋಟೋ ತಗೊಂಡಾಯ್ತು, ಇನ್ನು ಗುಡಿಸೋಣ" ಅಂತ ದೇವಸ್ಥಾನ ಸಮಿತಿಯ ಹುಡುಗನೇ ಪೊರಕೆ ಹಿಡಿದ. ಬೇಕರಿಯ ಮಾಲೀಕ ಕಾಕ ಟಾರ್ಚ್ ಹಿಡಿದು ನಿಂತಿದ್ದರು, ಕೈ ನಡುಗುತ್ತಿತ್ತು. ಎರಡೂವರೆಗೆ ಗಾಜು ಕೂತಿತು. ಕೂಲಿ ಸೇರಿ 7 ಸಾವಿರದ ಹತ್ತಿರ. ಬೆಳಿಗ್ಗೆ ಫೋಟೋ ತೆಗೆದು ಹರಿಬಿಡಲು ಮೊಬೈಲ್ ಹಿಡಿದು ಬಂದವರಿಗೆ ಒಡೆದ ಗಾಜು ಸಿಗಲಿಲ್ಲ, ಬಿಸಿ ಬನ್ನು ಸಿಕ್ಕಿತು. ಮೊದಲ ಫೋನ್ ಯಾರಿಗೆ ಮಾಡುತ್ತೇವೆ ಅನ್ನುವುದು ನಮ್ಮ ಗುಟ್ಟು.

ನಡುವೆ ಹಾಕಿಯನ್ನೂ ಮಾಡಿ ನೋಡಿದೆ. ಕೊಡವ ಕುಟುಂಬಗಳ ಹಾಕಿ 1997ರಿಂದ ಹೇಗೆ ಬೆಳೆದಿದೆ ನೋಡಿ! ನಾವು ಬೀದಿಗೊಂದು ತಂಡ ಕಟ್ಟಿದೆವು. ಬೀದಿ ಅಂದರೆ ಜಾತಿಯೇ ಆಗಿಬಿಟ್ಟಿತು, ಎರಡನೇ ಮ್ಯಾಚಿಗೇ ಹೊಡೆದಾಡಿಕೊಂಡರು. 18 ಸಾವಿರ ಹೋಯಿತು. ಮರುವರ್ಷ ಚೀಟಿ ಎತ್ತಿ ತಂಡ ಮಾಡಿದೆವು. ಅದು ಉಳಿದುಕೊಂಡಿತು.

ಇಷ್ಟು ವರ್ಷದಲ್ಲಿ ಐದಾರು ಸಲ ಆ ನಗದು ಹೊರಬಂದಿದೆ. ಒಂದು ಸಲವೂ ಎರಡನೇ ಕಲ್ಲು ಬಿದ್ದಿಲ್ಲ. ಕಾಫಿಗೆ ಒಳ್ಳೆ ದರ ಬಂದ ಮೇಲೆ ಅರ್ಧ ಚೀಲ ಸಾಕು ಅಂದಿದ್ದೇನೆ. ಕೆಲವರು ಪೂರ್ತಿ ಚೀಲವನ್ನೇ ಕಳಿಸುತ್ತಾರೆ. ಈ ಸಲ ಗಾಜಿನಂಗಡಿಯವನಿಗೆ ಮುಂಗಡ ಕೊಡಲು ಹೋಗಿದ್ದೆ. ತಗೊಳ್ಳಲಿಲ್ಲ. "ರಾತ್ರಿ ಎಷ್ಟೊತ್ತಿಗಾದರೂ ಎಬ್ಬಿಸಿ ಅಣ್ಣ" ಅಂದ.