ಚಕ್ಲಿ ಮಾತಾಡಿದ, ನಾನು ಟೈಪ್ ಮಾಡಿದೆ

"ಬೆಕ್ಕು ಹಿಡ್ಕೊಂಡು ಕಾಳು ಹಾಕೋಕೆ ಹೋಗ್ಬೇಡ ಮಗಾ, ಯಾರೂ ಬೀಳಲ್ಲ." ಡೇಟಿಂಗ್ ಆ್ಯಪ್‌ನಲ್ಲಿ ನನ್ನ ಬೆಕ್ಕಿನ ಫೋಟೋ ಹಾಕ್ತೀನಿ ಅಂದಾಗ ರೂಮಿನ ಮೂರೂ ಜನ ಹೇಳಿದ್ದು ಇದೇ ಮಾತು. ಅವರಲ್ಲಿ ಒಬ್ಬ ಸಾಕ್ಷಿಗೆ ಅಂತ ಒಂದು ಅಧ್ಯಯನವನ್ನೂ ಕಳಿಸಿದ. 2020ರದು, ಅಮೆರಿಕದ್ದು. ಇಬ್ಬರು ಗಂಡಸರು, ಒಬ್ಬೊಬ್ಬರದೂ ಎರಡು ಫೋಟೋ, ಒಂದರಲ್ಲಿ ಕೈಯಲ್ಲಿ ಬೆಕ್ಕು, ಇನ್ನೊಂದರಲ್ಲಿ ಇಲ್ಲ. ಸಾವಿರಕ್ಕೂ ಹೆಚ್ಚು ಹುಡುಗಿಯರನ್ನು ಕೇಳಿದಾಗ ಬೆಕ್ಕಿದ್ದ ಫೋಟೋಗೆ ಮಾರ್ಕ್ಸ್ ಕಡಿಮೆ ಬಿತ್ತಂತೆ.

ಅವನು ಅಷ್ಟಕ್ಕೇ ನಿಲ್ಲಿಸಿದ್ದ. ನಾನು ಮುಂದೆ ಓದಿದೆ. ಹುಡುಗಿ ನಾಯಿ ಕಡೆಯವಳೋ ಬೆಕ್ಕಿನ ಕಡೆಯವಳೋ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ ಅಂತ ಅಲ್ಲೇ ಬರೆದಿತ್ತು. ನನಗೆ ಅಷ್ಟು ಸಾಕಿತ್ತು. ಬೆಕ್ಕು ಸಾಕಿದವರ ಜೊತೆ ಮಾತ್ರ ಮಾತಾಡೋಣ ಅಂತ ಆವತ್ತೇ ತೀರ್ಮಾನ ಮಾಡಿದೆ.

ಚಕ್ಲಿ ನನ್ನ ಬೆಕ್ಕು. ಕೇಸರಿ ಬಣ್ಣ, ಬಾಲದ ತುಂಬ ಸುತ್ತು ಸುತ್ತು ಪಟ್ಟೆ. ವಿಜಯನಗರದ ನಮ್ಮ ಮನೆ ಮೆಟ್ಟಿಲ ಕೆಳಗೆ ಮಳೆಯಲ್ಲಿ ಸಿಕ್ಕಿದವನು.

ಮೊದಲು ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಒಂದು ಆ್ಯಪ್‌ನಲ್ಲಿ ಮೂರು ತಿಂಗಳ ಪ್ರೀಮಿಯಂಗೆ ನಾಲ್ಕು ಸಾವಿರದ ಹತ್ತಿರ ಹೋಯಿತು. ಫೋಟೋ ತೆಗೆಯುವವರಿಗೆ ಎರಡೂವರೆ ಸಾವಿರ. ಸ್ಟುಡಿಯೋದಲ್ಲಿ ಚಕ್ಲಿ ಸೋಫಾ ಕೆಳಗೆ ಸೇರಿಕೊಂಡವನು ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲ. ಕೊನೆಗೆ ಬಂದ ಫೋಟೋದಲ್ಲಿ ಫ್ಲ್ಯಾಶ್ ಹೊಡೆದು ಅವನ ಕಣ್ಣು ಎರಡೂ ಹಸಿರು ಬಲ್ಬು. ಕೆಲಸಕ್ಕೆ ಬಂದ ಫೋಟೋ ನಾನೇ ತೆಗೆದದ್ದು. ಬೆಳಗ್ಗೆ ಏಳೂವರೆ, ಅಡುಗೆಮನೆ ಕಿಟಕಿ, ಅರ್ಧ ಮಡಚಿದ ನನ್ನ ಪಂಚೆ ಮೇಲೆ ಅವನು ಹೊಟ್ಟೆ ಮೇಲೆ ಮಾಡಿ ಮಲಗಿದ್ದ. ಪಕ್ಕದಲ್ಲಿ ನನ್ನ ಕಾಫಿ ಲೋಟ ಮತ್ತು ಕೈ. ಮುಖ ಇಲ್ಲ. ಈ ಫೋಟೋ ಮೂರನೆಯದಾಗಿ ಇರಬೇಕು. ಮೊದಲನೆಯದಾಗಿ ಇಟ್ಟು ಎರಡು ವಾರ ನೋಡಿದೆ. ಬಂದವರೆಲ್ಲ ಬೆಕ್ಕನ್ನು ಮುದ್ದು ಮಾಡಿ ಹೋದರು, ನನ್ನ ಹೆಸರೂ ಕೇಳಲಿಲ್ಲ.

ಮಾತು ಕೆಟ್ಟದ್ದು ಮೂರು ಕಡೆ. ಒಬ್ಬರಿಗೆ "ನಿಮ್ಮದು ಬೆಕ್ಕಿನ ಕಣ್ಣು" ಅಂದೆ, ಹೊಗಳಿಕೆ ಅಂದುಕೊಂಡು. ಚಿಕ್ಕಂದಿನಿಂದ ಅದೇ ಮಾತು ಕೇಳಿ ಸಾಕಾಗಿದ್ದವರು ಅವರು, ತಕ್ಷಣ ಅನ್‌ಮ್ಯಾಚ್ ಮಾಡಿ ಚಾಟ್ ಮುಚ್ಚಿದರು. ಕರಿ ಬೆಕ್ಕು ಸಾಕಿದ ಇನ್ನೊಬ್ಬರಿಗೆ "ಅಡ್ಡ ಬಂದ್ರೆ ನಾನು ವಾಪಸ್ ಹೋಗ್ಬೇಕಾ" ಅಂತ ಬರೆದೆ. ಅವರಿಗೆ ಆ ಬೆಕ್ಕು ಮಗು ಇದ್ದ ಹಾಗೆ. ಮೂರನೆಯದು ಇವತ್ತಿಗೂ ಬೇಜಾರು. ಚಕ್ಲಿಗೆ ಒಂದು ಬಟ್ಟಲು ಹಾಲು ಇಟ್ಟ ಫೋಟೋ ಕಳಿಸಿದ್ದೆ. "ದೊಡ್ಡ ಬೆಕ್ಕುಗಳಿಗೆ ಹಾಲು ಸರಿಯಾಗಿ ಜೀರ್ಣ ಆಗಲ್ಲ, ಕೊಡ್ಬೇಡಿ" ಅಂದರು. "ನಮ್ಮಜ್ಜಿ ಮನೇಲಿ ಎಲ್ಲ ಬೆಕ್ಕೂ ಕುಡಿದೇ ಬೆಳೆದಿದ್ದು" ಅಂತ ವಾದ ಮಾಡಿದೆ. ಅವರು ಮತ್ತೆ ಬರೆಯಲಿಲ್ಲ. ಅದೇ ವಾರ ಚಕ್ಲಿಗೆ ಭೇದಿ ಹತ್ತಿ ಡಾಕ್ಟರಿಗೆ ಒಂಬೈನೂರು ಕೊಟ್ಟೆ. ಹಾಲು ನಿಲ್ಲಿಸಿದ ಮೇಲೆ ಸರಿಹೋಯಿತು. ಬೆಕ್ಕಿನ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಿದರೆ "ಹೌದಾ, ಇನ್ನೇನು ಕೊಡ್ಬಾರ್ದು?" ಅಂತ ಕೇಳಿ. ಅಲ್ಲಿಂದಲೇ ಮಾತು ಬೆಳೆಯುತ್ತದೆ.

ಆಗ ಸುಮಾರು ನಲವತ್ತು ಮ್ಯಾಚ್‌ಗಳಲ್ಲಿ ಎರಡನೇ ದಿನಕ್ಕೂ ಮಾತಾಡಿದವರು ಐದೋ ಆರೋ. ವಿಧಾನ ಬದಲಾಯಿಸಿದ ಮೇಲೆ ಹತ್ತರಲ್ಲಿ ಏಳು ಜನ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಬದಲಾಯಿಸಿದ್ದು ಒಂದೇ. ಕನ್ನಡದಲ್ಲಿ ಚಾಟ್ ಮಾಡುವವರಿಗೆಲ್ಲ ಈ ಕಷ್ಟ ಗೊತ್ತು. "ನೀವು" ಅಂದರೆ ಬ್ಯಾಂಕಿನಲ್ಲಿ ಮಾತಾಡಿದ ಹಾಗಿರುತ್ತದೆ. ಬೇಗ "ನೀನು" ಅಂದರೆ ಸಲಿಗೆ ಜಾಸ್ತಿಯಾಯಿತು ಅನಿಸುತ್ತದೆ. ಇವೆರಡರ ಮಧ್ಯೆ ತರಲೆ ಮಾಡುವುದು ಹೇಗೆ? ನಾನು "ನೀವು" ಬಿಡಲಿಲ್ಲ. "ನೀನು" ಅನ್ನುವ ಕೆಲಸ ಚಕ್ಲಿಗೆ ಕೊಟ್ಟೆ.

ಹಿಂಜ್ ಅನ್ನುವ ಡೇಟಿಂಗ್ ಆ್ಯಪ್‌ನಲ್ಲಿ ಫೋಟೋ ಮೇಲೇ ಕಮೆಂಟ್ ಹಾಕಬಹುದಲ್ವಾ, ಶುರು ಅಲ್ಲಿಂದ. ಶಿವಮೊಗ್ಗ ಕಡೆಯ ಒಬ್ಬರು ಬಿಳಿ, ಕಪ್ಪು, ಕೇಸರಿ ಮೂರೂ ಇರುವ ಬೆಕ್ಕಿನ ಫೋಟೋ ಹಾಕಿದ್ದರು. "ಹೆಣ್ಣು ತಾನೇ?" ಅಂತ ಅಷ್ಟೇ ಬರೆದೆ. "ಹೌದು, ಹೇಗೆ ಗೊತ್ತಾಯ್ತು?" ಅಂತ ಹತ್ತು ನಿಮಿಷದಲ್ಲಿ ಬಂತು. ಕೇಸರಿ ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮ್ ಮೇಲಿರುತ್ತದೆ. ಕೇಸರಿ, ಕಪ್ಪು ಎರಡೂ ಒಂದೇ ಮೈಮೇಲೆ ಬರಲು ಎರಡು ಎಕ್ಸ್ ಬೇಕು. ಹೆಣ್ಣಿಗೆ ಎರಡು, ಗಂಡಿಗೆ ಸಾಮಾನ್ಯವಾಗಿ ಒಂದೇ. ಹಾಗಾಗಿ ಮೂರು ಬಣ್ಣದವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ಪೂರ್ತಿ ಕೇಸರಿಯವುಗಳಲ್ಲಿ ನೂರಕ್ಕೆ ಸುಮಾರು 80 ಗಂಡು, ನಮ್ಮ ಚಕ್ಲಿ ಹಾಗೆ. ಇದನ್ನೆಲ್ಲ ಒಂದೇ ಸಲ ಹೇಳಲಿಲ್ಲ. "ನಾಳೆ ಹೇಳ್ತೀನಿ" ಅಂದೆ. ಬೆಕ್ಕಿನ ಹೆಸರು ರಂಗೋಲಿ ಅಂತ ಅವರೇ ಹೇಳಿದರು.

ಮಾರನೇ ದಿನ ಬರೆದೆ: "ಚಕ್ಲಿ ಕೇಳ್ತಿದ್ದಾನೆ, 'ಏನೇ ರಂಗೋಲಿ, ಇವತ್ತು ಕಿಟಕಿ ಹತ್ರ ಕಾಣ್ಲೇ ಇಲ್ಲ?'"

"ರಂಗೋಲಿ ಹೇಳ್ತಿದ್ದಾಳೆ, 'ನೀನು ಕರೆದ ತಕ್ಷಣ ಓಡಿ ಬರೋಕೆ ನಾನೇನು ನಾಯಿನಾ?'"

ಆ ರಾತ್ರಿ ಒಂದೂವರೆವರೆಗೆ ಬೆಕ್ಕುಗಳು ಜಗಳ ಆಡಿದವು. ನಾವಿಬ್ಬರು ಮಾತ್ರ "ನಿಮ್ಮ ಆಫೀಸು ಎಲ್ಲಿ" ಅಂತ ಮರ್ಯಾದೆಯಾಗಿಯೇ ಇದ್ದೆವು.

ನಡುವೆ ಕೆಲವು ಪ್ರಯೋಗ ಮಾಡಿದೆ. ಚಕ್ಲಿ ಗುರುಗುಟ್ಟುವ ಸದ್ದನ್ನು ವಾಯ್ಸ್ ನೋಟ್ ಮಾಡಿ ಕಳಿಸಿದೆ. ಫ್ಯಾನ್ ಆಫ್ ಮಾಡಿ ರೆಕಾರ್ಡ್ ಮಾಡಬೇಕು, ಇಲ್ಲದಿದ್ದರೆ ಮಿಕ್ಸಿ ಇದ್ದ ಹಾಗೆ ಕೇಳುತ್ತದೆ. ಕಂಗ್ಲಿಷ್ ಬಿಟ್ಟು ಕನ್ನಡ ಲಿಪಿಯಲ್ಲೇ ಬರೆದು ನೋಡಿದೆ. ಉತ್ತರ ಕೊಡುವವರು ಕಡಿಮೆಯಾದರು, ಕೊಟ್ಟವರು ಉದ್ದ ಬರೆದರು. ನನಗೆ ಅದೇ ಬೇಕಿತ್ತು. ಭಾನುವಾರ ಬೆಳಗ್ಗೆ ಮೆಸೇಜು ಹಾಕಿದರೆ ವಾರದ ದಿನಕ್ಕಿಂತ ಎರಡು ಪಟ್ಟು ಮಾತು. ಪಕ್ಕದ ಮನೆ ಬೆಕ್ಕನ್ನು ನಮ್ಮದೇ ಅಂತ ಹಾಕುವ ಐಡಿಯಾ ಒಬ್ಬ ಗೆಳೆಯ ಕೊಟ್ಟ. ಮಾಡಲಿಲ್ಲ, ನೀವೂ ಮಾಡಬೇಡಿ. ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅಂತ ಕೇಳಿದರೆ ಅಲ್ಲಿಗೆ ಮುಗೀತು.

ಎರಡು ಮೆಸೇಜಿಗೆ ಉತ್ತರ ಬರದಿದ್ದರೆ ಮೂರನೆಯದು ನಾನು ಕಳಿಸುವುದಿಲ್ಲ. ಬೆಕ್ಕಿನ ಹಿಂದೆ ಓಡಿದರೆ ಅದು ಕಪಾಟಿನ ಮೇಲೆ ಹತ್ತುತ್ತದೆ. ಸುಮ್ನೆ ಕೂತರೆ ತಾನೇ ತೊಡೆ ಮೇಲೆ ಬರುತ್ತದೆ.

ಇನ್ನೊಂದು ಚೆನ್ನಾಗಿ ಕೆಲಸ ಮಾಡಿತು. ನಾವು ಬೆಕ್ಕನ್ನು ನೋಡುತ್ತ ನಿಧಾನವಾಗಿ ಕಣ್ಣು ಮಿಟುಕಿಸಿದರೆ ಅದೂ ಕಣ್ಣು ಕಿರಿದು ಮಾಡುತ್ತದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರೂ 2020ರಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದಾರೆ. ರಂಗೋಲಿ ಮೇಲೆ ಪ್ರಯತ್ನ ಮಾಡಿ ಅಂದೆ. ಮೂರನೇ ದಿನ "ಮಾಡಿದ್ಲು! ಮಾಡಿದ್ಲು!" ಅಂತ ವಿಡಿಯೋ ಬಂತು. ಅವತ್ತಿನಿಂದ ನಮ್ಮಲ್ಲಿ ಗುಡ್ ನೈಟ್ ಇಲ್ಲ. "ಚಕ್ಲಿ ಕಣ್ಣು ಮಿಟುಕಿಸಿದ" ಅಂತ ಬರೆದರೆ ಮಲಗುವ ಹೊತ್ತಾಯಿತು ಅಂತ ಅರ್ಥ.

ಚಾಟ್‌ನಿಂದ ವಿಡಿಯೋ ಕಾಲ್‌ಗೆ ಹೋಗಲು ನಾನು ಬಳಸಿದ ಒಂದು ಸಾಲಿದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಚಕ್ಲಿಯ ಪಂಜಕ್ಕೆ ಸಂಬಂಧಪಟ್ಟದ್ದು ಅಂತ ಮಾತ್ರ ಹೇಳುತ್ತೇನೆ.

ನಾಲ್ಕನೇ ತಿಂಗಳು ಇರಬೇಕು. ರಾತ್ರಿ ಒಂಬತ್ತಕ್ಕೆ "ಊಟ ಮಾಡಿದ್ಯಾ?" ಅಂತ ಬಂತು. "ಚಕ್ಲಿದು ಆಯ್ತು, ಬೂತಾಯಿ ಮೀನು" ಅಂತ ಬರೆದೆ.

"ಚಕ್ಲಿನ ಕೇಳಿಲ್ಲ," ಅಂದಳು. "ನಿನ್ನ ಕೇಳಿದ್ದು."