ಹೊಟ್ಟೆಯಲ್ಲಿ ಇಟ್ಟಿದ್ದ ಬುರುಡೆ ಮರಳಿ ತಲೆಗೆ ಬಂದದ್ದು

ಮೊದಲನೆಯ ಶಸ್ತ್ರಚಿಕಿತ್ಸೆಗೆ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಉತ್ತರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. 2022ರ ನವೆಂಬರಿನ ಒಂದು ಸಂಜೆ ಶಾಲೆ ಮುಗಿಸಿಕೊಂಡು ಊರಿಗೆ ಹಿಂತಿರುಗುವಾಗ ಸ್ಕೂಟರ್ ಜಾರಿದ್ದು, ಪಟ್ಟಿ ಬಿಗಿಯದೆ ತಲೆಯ ಮೇಲೆ ಸುಮ್ಮನೆ ಕೂರಿಸಿಕೊಂಡಿದ್ದ ಹೆಲ್ಮೆಟ್ ನನಗಿಂತ ಮೊದಲು ರಸ್ತೆಗೆ ಉರುಳಿದ್ದು, ತಲೆಯ ಬಲಭಾಗದೊಳಗೆ ರಕ್ತ ಹೆಪ್ಪುಗಟ್ಟಿ ಮಿದುಳು ಊದಿಕೊಂಡದ್ದು, ಇವೆಲ್ಲ ನಾನು ವಾರಗಳ ನಂತರ ಬೇರೆಯವರಿಂದ ಕೇಳಿ ತಿಳಿದ ಸಂಗತಿಗಳು. ಊದಿದ ಮಿದುಳಿಗೆ ಜಾಗ ಮಾಡಿಕೊಡುವುದಕ್ಕಾಗಿ ಹಣೆಯ ಅಂಚಿನಿಂದ ಕಿವಿಯ ಹಿಂದಿನವರೆಗೆ, ಸುಮಾರು 12 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದದ ಬುರುಡೆಯ ತುಂಡೊಂದನ್ನು ತೆಗೆದು, ಅದರ ಮೇಲಿನ ಚರ್ಮವನ್ನಷ್ಟೇ ಮುಚ್ಚಿ ಹೊಲಿದಿದ್ದರು. ಡಿಕಂಪ್ರೆಸಿವ್ ಕ್ರೇನಿಯೆಕ್ಟಮಿ ಎಂದು ಅದರ ಹೆಸರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವಳು ನನ್ನ ಹೆಂಡತಿ.

ಎರಡನೆಯದರ ಕಥೆ ಬೇರೆ. ತೆಗೆದ ಜಾಗವನ್ನು ಮತ್ತೆ ಮುಚ್ಚುವ ಕ್ರೇನಿಯೋಪ್ಲಾಸ್ಟಿಗೆ ಅವಸರವಿರಲಿಲ್ಲ, ನನಗೆ ಪ್ರಜ್ಞೆ ಸಂಪೂರ್ಣವಾಗಿ ಮರಳಿತ್ತು, ಸಹಿ ನಾನೇ ಹಾಕಬೇಕಾಗಿತ್ತು. ಓಡಾಡುವಷ್ಟು ಚೇತರಿಸಿಕೊಂಡ ಮನುಷ್ಯ ತಾನಾಗಿಯೇ ಹೋಗಿ ಮತ್ತೊಮ್ಮೆ ತಲೆ ತೆರೆಸಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಆಸ್ಪತ್ರೆಯವರು ಅಷ್ಟಾಗಿ ಮಾತನಾಡುವುದಿಲ್ಲ.

ತೆಗೆದ ಮೂಳೆ ಎಲ್ಲಿದೆ ಎಂಬುದೇ ನನಗೆ ತಿಳಿದಿರಲಿಲ್ಲ. ಜನವರಿಯ ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಹೊಕ್ಕುಳಿನ ಬಲಕ್ಕೆ, ಹೊಲಿಗೆಯ ಗುರುತಿನ ಕೆಳಗೆ, ಸೋಪು ಹಿಡಿದ ಕೈಗೆ ಗಟ್ಟಿಯಾದ ಅಂಚೊಂದು ಸಿಕ್ಕಿತು. ಆ ಗುರುತು ಯಾವುದೋ ಟ್ಯೂಬ್ ಹಾಕಿದ್ದರದ್ದೆಂದು ನಾನು ಭಾವಿಸಿದ್ದೆ. ಗಡ್ಡೆಯೆಂದು ಹೆದರಿ ಹೊರಗೆ ಬಂದೆ. ಹೆಂಡತಿ ಬಿಡುಗಡೆಯ ಕಾಗದಗಳನ್ನು ಹರಡಿಕೊಂಡು ಹುಡುಕಿದಾಗ ಮೂರನೆಯ ಹಾಳೆಯಲ್ಲಿ, ಔಷಧಿಗಳ ಪಟ್ಟಿಯ ಮೇಲೆ, ಬುರುಡೆಯ ತುಂಡನ್ನು ಹೊಟ್ಟೆಯ ಚರ್ಮದಡಿ ಇರಿಸಲಾಗಿದೆ ಎಂಬ ಒಂದೇ ಸಾಲು ಇಂಗ್ಲಿಷಿನಲ್ಲಿ ಇತ್ತು. ಇದು ನಮ್ಮ ದೇಶದಲ್ಲಿ ಬಹಳ ಕಾಲದಿಂದ ನಡೆದುಬಂದಿರುವ ಪದ್ಧತಿ. ಮೈನಸ್ 80 ಡಿಗ್ರಿಯ ಶೀತಕಪಾಟಿನಲ್ಲಿ ಇಡುವ ಆಸ್ಪತ್ರೆಗಳೂ ಇವೆ. ಆ ಸೌಲಭ್ಯ ಇಲ್ಲದ ಕಡೆ ರೋಗಿಯ ಹೊಟ್ಟೆಯ ಕೊಬ್ಬಿನ ಪದರದಲ್ಲಿ ಚೀಲದಂತೆ ಜಾಗ ಮಾಡಿ ಇಟ್ಟರೆ ಕೆಡುವ ಭಯ ಕಡಿಮೆ, ಕಳೆದುಹೋಗುವ ಭಯವಂತೂ ಇಲ್ಲ. ಪದ್ಧತಿಯ ಬಗ್ಗೆ ನನ್ನ ತಕರಾರಿಲ್ಲ. ಯಾರಾದರೂ ಒಬ್ಬರು ಅದನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಬಹುದಾಗಿತ್ತು ಎಂಬುದಷ್ಟೇ ನನ್ನ ದೂರು.

ನಮ್ಮ ಮನೆ ಇರುವುದು ತಿಪಟೂರು ಸೀಮೆಯ ತೆಂಗಿನ ತೋಟದ ನಡುವೆ. ತಲೆಯ ಅರ್ಧ ಭಾಗಕ್ಕೆ ಮೂಳೆಯಿಲ್ಲದವನಿಗೆ ಇದಕ್ಕಿಂತ ಕೆಟ್ಟ ವಿಳಾಸ ಇರಲಾರದು. ತೆಂಗಿನಕಾಯಿಗೆ ಕಣ್ಣಿರುವುದರಿಂದ ಅದು ನೋಡಿಕೊಂಡೇ ಬೀಳುತ್ತದೆ ಎಂದು ನಮ್ಮ ಕಡೆ ಹೇಳುವುದುಂಟು. ಅಂಗಳಕ್ಕೆ ಇಳಿಯುವಾಗಲೂ ಹೆಲ್ಮೆಟ್ ಹಾಕಿಕೊಳ್ಳೆಂದು ಅಮ್ಮ ಹಟ ಹಿಡಿದಾಗ ನಾನು ಈ ಮಾತನ್ನು ನೆನಪಿಸಿ ನಕ್ಕೆ. "ಕಾಯಿಗೆ ಕಣ್ಣಿರ್ತವೆ ಕಣಪ್ಪ, ಗರಿಗೆ ಎಲ್ಲಿದಾವೆ?" ಎಂದರು ಅಮ್ಮ. ನಾಲ್ಕು ತಿಂಗಳು ಹೆಲ್ಮೆಟ್ ಹಾಕಿಕೊಂಡೇ ತೋಟದಲ್ಲಿ ಓಡಾಡಿದೆ.

ಆ ನಾಲ್ಕು ತಿಂಗಳ ಇನ್ನೊಂದು ತೊಂದರೆಯನ್ನು ನಾನು ಮೊದಲಿಗೆ ಗಾಯದ ಸಹಜ ನೋವೆಂದೇ ತಿಳಿದಿದ್ದೆ. ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿರುವಾಗ ಹಗುರವಾಗಿರುತ್ತಿದ್ದ ತಲೆ, ಎದ್ದು ಕುಳಿತ ಒಂದು ಗಂಟೆಯೊಳಗೆ ಭಾರವಾಗಿ, ಮಧ್ಯಾಹ್ನದ ಹೊತ್ತಿಗೆ ಮಾತು ಬೇಡವಾಗಿ, ಮಿದುಳಿನ ಬಲಭಾಗದ ಪೆಟ್ಟಿನಿಂದ ಮೊದಲೇ ದುರ್ಬಲವಾಗಿದ್ದ ಎಡಗೈ ಇನ್ನಷ್ಟು ಸೋಲುತ್ತಿತ್ತು. ಬುರುಡೆ ಇಲ್ಲದ ಜಾಗದ ಚರ್ಮ ಬೆಳಿಗ್ಗೆ ತಟ್ಟೆಯಂತೆ ಸಮವಾಗಿ, ಸಂಜೆ ಬಟ್ಟಲಿನಂತೆ ತಗ್ಗಾಗಿ ಇರುತ್ತದೆಂದು ಮೊದಲು ಗಮನಿಸಿದವಳು ಹೆಂಡತಿ. ಬೆಂಗಳೂರಿನ ನರಶಸ್ತ್ರಚಿಕಿತ್ಸಕರೊಬ್ಬರು ಅವಳ ಈ ಒಂದು ಮಾತನ್ನು ಕೇಳಿ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ನನ್ನನ್ನು ಹತ್ತು ನಿಮಿಷ ಮಲಗಿಸಿ, ಆಮೇಲೆ ಕೂರಿಸಿ, ಎರಡು ಸಲವೂ ಅವಳ ಬೆರಳುಗಳನ್ನು ಆ ಜಾಗದ ಮೇಲೆ ಇಡಿಸಿದರು. ಮೂಳೆಯ ರಕ್ಷಣೆ ಇಲ್ಲದಿರುವಾಗ ಹೊರಗಿನ ಗಾಳಿಯ ಒತ್ತಡ ಚರ್ಮದ ಮೂಲಕ ನೇರವಾಗಿ ಮಿದುಳಿನ ಮೇಲೆ ಬೀಳುತ್ತದೆ, ಎದ್ದು ಕುಳಿತಾಗ ಒಳಗಿನ ದ್ರವ ಕೆಳಕ್ಕೆ ಇಳಿದು ಚರ್ಮ ಇನ್ನಷ್ಟು ಒಳಗೆ ಕುಸಿಯುತ್ತದೆ, ಮೂಳೆ ಮುಚ್ಚಿದ ನಂತರ ಕೆಲವರಲ್ಲಿ ತಲೆನೋವಷ್ಟೇ ಅಲ್ಲದೆ ಕೈಕಾಲಿನ ಬಲವೂ ಸುಧಾರಿಸುತ್ತದೆ ಎಂದು ವಿವರಿಸಿದರು. ಅಲ್ಲಿಯವರೆಗೆ ಈ ಶಸ್ತ್ರಚಿಕಿತ್ಸೆ ಮುಖ್ಯವಾಗಿ ಅಂದಕ್ಕೆಂದು ನಾನು ತಿಳಿದಿದ್ದೆ. ಮಾಡಿಸಿಕೊಳ್ಳಬೇಕು ಎಂಬ ನಿರ್ಧಾರ ಆ ಕೋಣೆಯಲ್ಲೇ ಆಯಿತು.

ಯಾವುದರಿಂದ ಮುಚ್ಚಿಸಬೇಕು ಎಂಬ ನಿರ್ಧಾರಕ್ಕೆ ಮಾತ್ರ ಐದು ವಾರ ಹಿಡಿಯಿತು. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು. ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿದ್ದೆ. ಮೊದಲನೆಯ ವೈದ್ಯರು ನನ್ನದೇ ಮೂಳೆಯನ್ನು ಹೊಟ್ಟೆಯಿಂದ ತೆಗೆದು ಇಡೋಣವೆಂದರು. ಅದಕ್ಕೆ ಖರ್ಚಿಲ್ಲ, ಅಳತೆಯ ಪ್ರಶ್ನೆಯಿಲ್ಲ, ದೇಹಕ್ಕೆ ಹೊರಗಿನ ವಸ್ತುವಲ್ಲ. ಎರಡನೆಯ ಅಭಿಪ್ರಾಯಕ್ಕೆಂದು ಹೋದ ಕಡೆಯ ವೈದ್ಯರು ಟೈಟಾನಿಯಂ ಜಾಲರಿಯ ಪರವಾಗಿದ್ದರು, ಏಕೆಂದರೆ ಮರಳಿ ಇಟ್ಟ ಮೂಳೆ ಕೆಲವರಲ್ಲಿ ತಿಂಗಳುಗಳು ಕಳೆದಂತೆ ಅಂಚಿನಿಂದ ಕರಗತೊಡಗುತ್ತದೆ. ಅದು ಮಕ್ಕಳಲ್ಲಿ ಮತ್ತು ಮೂಳೆ ಹಲವು ಚೂರಾಗಿದ್ದವರಲ್ಲಿ ಹೆಚ್ಚು. ಟೈಟಾನಿಯಂ ಕರಗುವುದಿಲ್ಲ, ಆದರೆ ಅದರ ಮೇಲಿನ ಚರ್ಮ ತೆಳುವಾಗಿದ್ದರೆ ವರ್ಷಗಳ ನಂತರ ಸವೆದು ಲೋಹ ಹೊರಗೆ ಕಾಣಿಸಿಕೊಳ್ಳಬಹುದು. ಸ್ಕ್ಯಾನಿನಲ್ಲಿ ಸಿಗುವ ಎಡಭಾಗದ ಆಕಾರವನ್ನು ಕನ್ನಡಿಯಲ್ಲಿ ತಿರುಗಿಸಿದಂತೆ ಬಲಕ್ಕೆ ಹೊಂದಿಸಿ ತಯಾರಿಸುವ ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ತುಂಡೂ ಇದೆ. ಅದರ ಬೆಲೆ ನನ್ನ ಹಲವು ತಿಂಗಳ ಸಂಬಳವನ್ನು ನುಂಗುವಂತಿದ್ದುದರಿಂದ ಆ ಪುಟವನ್ನು ಬೇಗ ಮಗುಚಿದೆ. ಸೋಂಕಿನ ಭಯ ಇವುಗಳಲ್ಲಿ ಯಾವುದಕ್ಕೂ ತಪ್ಪಿದ್ದಲ್ಲ.

ಇಬ್ಬರು ತಜ್ಞರು ಎರಡು ದಿಕ್ಕು ತೋರಿಸಿದಾಗ ಯಾರು ಹೆಚ್ಚು ಬಲ್ಲವರೆಂದು ಅಳೆಯಲು ಹೊರಡುವುದು ನನ್ನಂಥವನಿಗೆ ಆಗದ ಮಾತು. ಹಾಗಾಗಿ ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆ: ನೀವು ಹೇಳಿದ್ದು ಕೈಕೊಟ್ಟರೆ ಮುಂದೆ ನನಗೆ ಉಳಿಯುವ ದಾರಿ ಯಾವುದು? ಮೂಳೆ ಕರಗಿದರೆ ಅದನ್ನು ತೆಗೆದು ಟೈಟಾನಿಯಂ ಹಾಕಬಹುದು ಎಂಬುದು ಮೊದಲನೆಯವರ ಉತ್ತರ. ಈಗಲೇ ಟೈಟಾನಿಯಂ ಹಾಕಿದರೆ ಹೊಟ್ಟೆಯಲ್ಲಿನ ಮೂಳೆಯನ್ನು ತೆಗೆದು ವಿಲೇವಾರಿ ಮಾಡುತ್ತೇವೆ, ಮುಂದೆ ತೊಂದರೆಯಾದರೆ ಇನ್ನೊಂದು ಕೃತಕ ವಸ್ತುವೇ ಗತಿ ಎಂಬುದು ಎರಡನೆಯವರದು. ಮೂಳೆಯನ್ನು ಆರಿಸಿದರೆ ಟೈಟಾನಿಯಂ ದಾರಿ ಉಳಿಯುತ್ತದೆ. ಟೈಟಾನಿಯಂ ಆರಿಸಿದರೆ ಮೂಳೆಯ ದಾರಿ ಅಳಿಯುತ್ತದೆ. ನನ್ನ ಮೂಳೆ ಒಂದೇ ತುಂಡಾಗಿತ್ತು, ಸೋಂಕು ತಗುಲಿರಲಿಲ್ಲ, ನನ್ನ ವಯಸ್ಸು 44. ಸ್ವಂತ ಮೂಳೆಗೆ ಒಪ್ಪಿದೆ. ಅದು ಕರಗಿದರೆ ಮೂರನೆಯ ಸಲ ತಲೆ ತೆರೆಸಬೇಕಾಗುತ್ತದೆ ಎಂಬುದನ್ನು ತಿಳಿದೇ ಒಪ್ಪಿದೆ. ಎಷ್ಟು ಶೇಕಡ ಜನರಿಗೆ ಹಾಗಾಗುತ್ತದೆ ಎಂದು ನಾನು ಮತ್ತೆ ಮತ್ತೆ ಕೇಳಿದ್ದಕ್ಕೆ ವೈದ್ಯರು, "ಮೇಷ್ಟ್ರೇ, ಶೇಕಡ ಲೆಕ್ಕ ಊರಿಗೆ. ನಿಮಗೆ ಆದರೆ ನೂರು, ಆಗದಿದ್ದರೆ ಸೊನ್ನೆ" ಎಂದರು. ಗಣಿತದ ದೃಷ್ಟಿಯಿಂದ ಆ ಮಾತು ಸರಿಯಲ್ಲ. ಆದರೂ ಅದರಿಂದ ಅಂದು ನನಗೆ ಸಮಾಧಾನವಾಯಿತು.

ಫೆಬ್ರವರಿಯಲ್ಲಿ ಗೊತ್ತುಮಾಡಿದ್ದ ದಿನಾಂಕ ತಪ್ಪಿತು. ಸಕ್ಕರೆಯ ಪ್ರಮಾಣ ಹೆಚ್ಚಿತ್ತು, ಅದರ ಜೊತೆಗೆ ಹೆಲ್ಮೆಟ್ಟಿನ ಬೆವರಿಗೆ ಕಿವಿಯ ಹಿಂದೆ ಒಂದು ಕುರು ಎದ್ದಿತ್ತು. ಕೀವಿರುವ ತಲೆಯನ್ನು ತೆರೆಯುವುದಿಲ್ಲವೆಂದು ವಾಪಸು ಕಳಿಸಿದರು. ಆಗ ಸಿಟ್ಟು ಬಂದಿತ್ತು, ಈಗ ಅದು ಒಳ್ಳೆಯದಾಯಿತೆಂದು ತೋರುತ್ತದೆ.

ಮಾರ್ಚಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಹಿಂದಿನ ರಾತ್ರಿ ತಲೆ ಬೋಳಿಸಿ, ಔಷಧಿಯ ದ್ರಾವಣದಿಂದ ಎರಡು ಸಲ ತೊಳೆದರು. ಒಪ್ಪಿಗೆ ಪತ್ರದಲ್ಲಿ ರಕ್ತಸ್ರಾವ, ಸೋಂಕು, ಫಿಟ್ಸ್, ಸಾವು ಎಂದು ಒಂದರ ಕೆಳಗೊಂದು ಅಚ್ಚಾಗಿದ್ದ ಜಾಗವನ್ನು ಓದಿ ಸಹಿ ಹಾಕುವಾಗ ಕಾಗದ ಜಾರದಂತೆ ಎಡಗೈಯಿಂದ ಹಿಡಿಯಲು ಆಗದೆ, ಹೆಂಡತಿ ಅದರ ಮೂಲೆಯನ್ನು ಒತ್ತಿ ಹಿಡಿದುಕೊಂಡಳು. ಒಳಗೆ ಮೂರು ಗಂಟೆ ಹಿಡಿಯಿತಂತೆ. ಮೂಳೆಯನ್ನು ಪುಟ್ಟ ಟೈಟಾನಿಯಂ ಪಟ್ಟಿಗಳಿಂದ, ಸ್ಕ್ರೂಗಳಿಂದ ಸುತ್ತಲಿನ ಬುರುಡೆಗೆ ಬಿಗಿದರು.

ಎಚ್ಚರವಾದಾಗ ತಲೆಗಿಂತ ಹೊಟ್ಟೆಯ ಗಾಯವೇ ಹೆಚ್ಚು ನೋಯುತ್ತಿತ್ತು. ಕೆಮ್ಮಿದರೆ, ನಕ್ಕರೆ, ಮಗ್ಗುಲಾದರೆ ಅದರದೇ ಕಾಟ. ಎರಡನೆಯ ದಿನ ಬಲಗಣ್ಣು ಊದಿ ಪೂರ್ತಿ ಮುಚ್ಚಿಕೊಂಡಿತು. ಅದು ನಾಲ್ಕೈದು ದಿನದಲ್ಲಿ ತಾನಾಗಿ ಇಳಿಯುವ ಊತವೆಂದು ಮೊದಲೇ ಹೇಳಿದ್ದರಿಂದ ಮನೆಯವರು ಗಾಬರಿಯಾಗಲಿಲ್ಲ. ಅದೇ ದಿನ ಚರ್ಮದಡಿಯ ರಕ್ತವನ್ನು ಹೊರಗೆ ಎಳೆಯುತ್ತಿದ್ದ ಡ್ರೈನ್ ಟ್ಯೂಬ್ ತೆಗೆದರು. ಮೂರನೆಯ ದಿನ ಶೌಚಾಲಯಕ್ಕೆ ನಡೆದು ಹೋಗಿ, ಹಿಂತಿರುಗಿ ಹಾಸಿಗೆಯ ಅಂಚಿನಲ್ಲಿ ಕುಳಿತು ಕಾಫಿ ಕುಡಿದು ಲೋಟ ಕೆಳಗಿಡುವಾಗ, ಇಷ್ಟು ಹೊತ್ತು ಕುಳಿತಿದ್ದರೂ ತಲೆ ಭಾರವಾಗಿಲ್ಲ ಎಂಬುದು ಹೊಳೆಯಿತು. ಆ ನೋವು ಮತ್ತೆ ಬರಲಿಲ್ಲ.

ಮನೆಗೆ ಬಂದ ನಂತರದ ಕೆಲವು ಸಂಗತಿಗಳನ್ನು ಯಾರೂ ಮುಂಚಿತವಾಗಿ ಹೇಳಿರಲಿಲ್ಲ. ಕಣತಲೆಯಲ್ಲಿರುವ, ಅಗಿಯಲು ನೆರವಾಗುವ ಸ್ನಾಯುವನ್ನು ಎರಡು ಸಲ ಬಿಡಿಸಿ ಹೊಲಿದಿದ್ದರಿಂದ ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ರೊಟ್ಟಿ, ಚಕ್ಕುಲಿ ದೂರದ ಮಾತು. ಅಗಿಯದೆ ನುಂಗುವ ರಾಗಿಮುದ್ದೆ ನನ್ನನ್ನು ಕಾಪಾಡಿತು, ತುತ್ತನ್ನು ಮಾತ್ರ ನೆಲ್ಲಿಕಾಯಿಯಷ್ಟು ಮಾಡಿಕೊಳ್ಳಬೇಕಾಗಿತ್ತು. ಮಗ್ಗುಲು ಬದಲಿಸುವಾಗ ತಲೆಯೊಳಗೆ "ಟಕ್" ಎಂಬ ಸದ್ದು ಕೇಳುತ್ತಿತ್ತು. ಅಟ್ಟದ ಮೇಲೆ ಒಣಗಿದ ಕೊಬ್ಬರಿ ಕರಟ ಬಿಟ್ಟು ಲೊಡಲೊಡ ಎನ್ನುವುದನ್ನು ಬಾಲ್ಯದಿಂದ ಕೇಳಿದವನಿಗೆ ಮೂಳೆಯೇ ಸಡಿಲವಾಯಿತೆಂದು ಅನ್ನಿಸುವುದು ಸಹಜ. ಅಂಚುಗಳು ಕೂಡುವವರೆಗೆ ಹಾಗೆ ಕೇಳಿಸಬಹುದು ಎಂದರು. ಎರಡು ತಿಂಗಳಲ್ಲಿ ನಿಂತಿತು. ಹನ್ನೆರಡನೆಯ ದಿನ ಗಾಯದ ಚರ್ಮವನ್ನು ಕೂಡಿಸಿದ್ದ ಸ್ಟೇಪಲ್ ಪಿನ್ನುಗಳನ್ನು ತೆಗೆದರು. ಮೂರನೆಯ ವಾರ ಗಾಯದ ಪಕ್ಕದ ಚರ್ಮ ನೀರು ತುಂಬಿದ ಚೀಲದಂತೆ ಮೆತ್ತಗಾಗಿ ಉಬ್ಬಿತು. ಜ್ವರವಿಲ್ಲ, ಕೆಂಪಾಗಿಲ್ಲ, ಸೋರುತ್ತಿಲ್ಲ ಎಂದು ಖಚಿತಪಡಿಸಿಕೊಂಡು, ಸೂಜಿ ಚುಚ್ಚದೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ ಕಳಿಸಿದರು. ಹದಿನೈದು ದಿನಕ್ಕೆ ಇಳಿಯಿತು.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಸಿಟ್ಟು. ಏಪ್ರಿಲಿನಲ್ಲಿ ಒಂದು ದಿನ ಮಗ ಟಿ.ವಿ. ಸದ್ದು ಕಡಿಮೆ ಮಾಡಲಿಲ್ಲವೆಂದು ರಿಮೋಟನ್ನು ಗೋಡೆಗೆ ಎಸೆದೆ. ಗಾಯದ ಪರಿಣಾಮ ಇರಬಹುದು, ಫಿಟ್ಸ್ ಬಾರದಿರಲೆಂದು ಕೊಡುವ ಲೆವೆಟಿರಾಸೆಟಂ ಮಾತ್ರೆಯೂ ಕೆಲವರಲ್ಲಿ ಹೀಗೆ ಮಾಡುತ್ತದೆ, ಆದರೆ ನೀವೇ ನಿಲ್ಲಿಸಿದರೆ ಫಿಟ್ಸ್ ಬರಬಹುದು ಎಂದು ವೈದ್ಯರು ಎಚ್ಚರಿಸಿ, ಬೇರೆ ಮಾತ್ರೆಗೆ ಹಂತಹಂತವಾಗಿ ಬದಲಾಯಿಸಿದರು. ಮನೆಯಲ್ಲಿ ಇದನ್ನು ಹೇಳಿಕೊಳ್ಳುವುದಕ್ಕೆ ನಾಚಿಕೆಪಟ್ಟು ನಾನು ಒಂದು ತಿಂಗಳು ತಡ ಮಾಡಿದ್ದೆ.

ಜುಲೈಯಲ್ಲಿ ಶಾಲೆಗೆ ಹಿಂತಿರುಗಿದೆ. ಮೊದಲ ಎರಡು ಪೀರಿಯಡ್ ಸರಿಯಾಗಿ ನಡೆಯುತ್ತಿದ್ದವು. ಮೂರನೆಯದರಲ್ಲಿ ಬೋರ್ಡಿನ ಮೇಲೆ ಸಮೀಕರಣದ ಚಿಹ್ನೆ ತಪ್ಪುತ್ತಿತ್ತು, ಮುಂದಿನ ಬೆಂಚಿನ ಹುಡುಗಿಯರು ತಿದ್ದುತ್ತಿದ್ದರು. ಮುಖ್ಯೋಪಾಧ್ಯಾಯರು ದಸರಾ ರಜೆಯವರೆಗೆ ಮಧ್ಯಾಹ್ನದ ತರಗತಿಗಳನ್ನು ಬೇರೆಯವರಿಗೆ ಕೊಟ್ಟರು. ಎಡಗೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳುವುದು ಆ ಹೊತ್ತಿಗೆ ಸಾಧ್ಯವಾಗಿತ್ತು. ಬಲಗಡೆಯ ಕಣತಲೆಯಲ್ಲಿ ಮಾತ್ರ ಸ್ನಾಯು ಸೊರಗಿ ಒಂದು ಗುಳಿ ಉಳಿದಿದೆ. ಕನ್ನಡಕದ ಕಡ್ಡಿ ಅಲ್ಲಿ ಒರಗುವುದಿಲ್ಲ, ಸಂಜೆಯೊಳಗೆ ಹತ್ತು ಸಲವಾದರೂ ಸರಿಪಡಿಸಿಕೊಳ್ಳುತ್ತೇನೆ.

ಒಂದು ವರ್ಷದ ಸ್ಕ್ಯಾನಿನಲ್ಲಿ ಮೂಳೆಯ ಹಿಂಬದಿಯ ಅಂಚು ಒಂದು ಕಡೆ ಸ್ವಲ್ಪ ತೆಳುವಾಗಿರುವುದು ಕಂಡಿತು. ವೈದ್ಯರು ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಅಳೆದು, ಸದ್ಯಕ್ಕೆ ಏನೂ ಮಾಡಬೇಕಿಲ್ಲ, ಇನ್ನೊಂದು ವರ್ಷ ಬಿಟ್ಟು ನೋಡೋಣ ಎಂದರು. ಟೈಟಾನಿಯಂ ಬಗ್ಗೆ ಬರೆದುಕೊಂಡಿದ್ದ ಪುಟಗಳಿರುವ ನೋಟ್‌ಬುಕ್ ಬೀರುವಿನಲ್ಲಿ, ಸ್ಕ್ಯಾನಿನ ಲಕೋಟೆಗಳ ಕೆಳಗೆ ಇದೆ.