ಅಕ್ಟೋಬರ್‌ನ ಜಾಂಬೆಜಿ: ಮುಳುಗಿದ್ದು, ಹಾರಿದ್ದು, ಆನೆ ನೋಡಿದ್ದು

ಜಾಂಬಿಯಾ, ಜಿಂಬಾಬ್ವೆ ಗಡಿಯ ವಿಕ್ಟೋರಿಯಾ ಜಲಪಾತಕ್ಕೆ ಯಾವ ತಿಂಗಳು ಹೋಗಬೇಕು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಿಮಗೆ ಜಲಪಾತ ಬೇಕೋ, ನದಿ ಬೇಕೋ? ಏಪ್ರಿಲ್‌ನಲ್ಲಿ ಜಾಂಬೆಜಿ ತುಂಬಿ ಹರಿಯುತ್ತದೆ. 1,708 ಮೀಟರ್ ಅಗಲಕ್ಕೂ ನೀರು ಧುಮುಕಿ, ಏಳುವ ತುಂತುರಿನಲ್ಲಿ ಎದುರಿನ ಬಂಡೆಯೇ ಕಾಣುವುದಿಲ್ಲ. ಆದರೆ ನೀರು ವಿಪರೀತ ಏರಿದಾಗ ರಾಫ್ಟಿಂಗ್, ಅಂದರೆ ಗಾಳಿ ತುಂಬಿದ ದೋಣಿಯಲ್ಲಿ ರಭಸದ ನೀರಿಗಿಳಿಯುವ ಆಟ, ನಿಲ್ಲಿಸುತ್ತಾರೆ. ಕಾಡಿನೊಳಗೇ ನೀರು ಸಿಗುವುದರಿಂದ ಆನೆಗಳೂ ಚದುರಿರುತ್ತವೆ. ಅಕ್ಟೋಬರ್‌ನಲ್ಲಿ ಎಲ್ಲ ಉಲ್ಟಾ. ಜಾಂಬಿಯಾ ಕಡೆಯ ಬಂಡೆ ಬಹುಪಾಲು ಒಣಗಿರುತ್ತದೆ, ಬಿಸಿಲು 40 ಡಿಗ್ರಿಯ ಹತ್ತಿರ. ನದಿಯಲ್ಲಿ ಮಾತ್ರ ಒಳ್ಳೆಯ ಆಟ. ನಾನೂ ನನ್ನ ತಮ್ಮನೂ ಅಕ್ಟೋಬರ್ ಆರಿಸಿಕೊಂಡೆವು.

ಬೆಂಗಳೂರಿನಿಂದ ಆಡಿಸ್ ಅಬಾಬಾ, ಅಲ್ಲಿಂದ ಜಿಂಬಾಬ್ವೆಯ ವಿಕ್ಟೋರಿಯಾ ಫಾಲ್ಸ್ ಊರು. ಹಳದಿ ಜ್ವರದ ಲಸಿಕೆಯನ್ನು ಕೊನೆಯ ವಾರಕ್ಕೆ ಬಿಡಬೇಡಿ. ಹಾಕಿಸಿಕೊಂಡು 10 ದಿನ ಆದ ಮೇಲೆಯೇ ಆ ಪ್ರಮಾಣಪತ್ರ ನಡೆಯುತ್ತದೆ. ಮಲೇರಿಯಾ ಮಾತ್ರೆಯ ಬಗ್ಗೆಯೂ ಡಾಕ್ಟರನ್ನು ಕೇಳಿ. ಆನೆ ನೋಡಲು ಹೋಗುವ ಪಕ್ಕದ ಬೋಟ್ಸ್ವಾನಾಗೆ ಬೇರೆಯೇ ವೀಸಾ. ಅದನ್ನು ನಾವು ಮೊದಲೇ ಮಾಡಿಸಿಕೊಂಡಿದ್ದೆವು. ಜಿಂಬಾಬ್ವೆಯಲ್ಲಿ ಅಮೆರಿಕನ್ ಡಾಲರ್ ನಡೆಯುತ್ತದೆ, ಒಂದು, ಐದರ ನೋಟು ಜಾಸ್ತಿ ಇರಲಿ. ಊಟಕ್ಕೆ ಸಸ್ಯಾಹಾರಿಗಳು ಹೆದರಬೇಕಿಲ್ಲ. ಮೆಕ್ಕೆಜೋಳದ ಹಿಟ್ಟಿನ ಸಡ್ಜಾ ನಮ್ಮ ಮುದ್ದೆಯ ಬಿಳಿ ತಂಗಿ, ಜೊತೆಗೆ ಸೊಪ್ಪಿನ ಪಲ್ಯ.

ರಾಫ್ಟಿಂಗ್ ನಡೆಯುವುದು ಜಲಪಾತದ ಕೆಳಗಿನ ಬಟೋಕಾ ಕಮರಿಯಲ್ಲಿ. ಹೆಲ್ಮೆಟ್, ಲೈಫ್ ಜಾಕೆಟ್ ಹಾಕಿಸಿ ಗೈಡ್ ಮೊದಲು ದಡದಲ್ಲೇ ಪಾಠ ಮಾಡಿದ. ಮುಂದೆ ಹುಟ್ಟು ಹಾಕಿ ಅಂದರೆ ಹಾಕಬೇಕು, ಕೂತ್ಕೊಳ್ಳಿ ಅಂದರೆ ರಾಫ್ಟ್‌ನೊಳಗೆ ಕುಸಿದು ಹಗ್ಗ ಹಿಡಿಯಬೇಕು. ನೀರಿಗೆ ಬಿದ್ದರೆ ಅಂಗಾತ ಮಲಗಿ, ಕಾಲು ಮೇಲೆತ್ತಿ, ನೀರು ಹರಿದು ಹೋಗುವ ಕಡೆಗೆ ಚಾಚಬೇಕು. ಎದ್ದು ನಿಲ್ಲಲು ಹೋದರೆ ಬಂಡೆಯ ಸಂದಿಗೆ ಪಾದ ಸಿಕ್ಕಿಕೊಳ್ಳುತ್ತದೆ. ಈ ಪಾಠ ಸುಮ್ನೆ ಶಾಸ್ತ್ರಕ್ಕಲ್ಲ. ಮೊದಲ ದೊಡ್ಡ ಅಲೆಗೇ ತಮ್ಮ ಹಾರಿಹೋದ. ಕಯಾಕ್ ಎಂಬ ಸಣ್ಣ ದೋಣಿಯಲ್ಲಿ ಜೊತೆಯಲ್ಲೇ ಬರುತ್ತಿದ್ದವನು ಅವನನ್ನು ಎಳೆದುಕೊಂಡು ಬಂದ. "ಅಕ್ಕಾ, ನೀರು ಬೆಚ್ಚಗಿದೆ ಕಣೇ" ಎಂದು ನಗುತ್ತಲೇ ರಾಫ್ಟ್ ಹತ್ತಿದ.

ಇಲ್ಲಿ ನೀರು ಬಂಡೆಗಳ ನಡುವೆ ರಭಸದಿಂದ ನುಗ್ಗುವ ಒಂದೊಂದು ಜಾಗಕ್ಕೂ ನಂಬರ್ ಇದೆ, ಹೆಸರೂ ಇದೆ. ಒಂಬತ್ತನೆಯದು 'ಕಮರ್ಷಿಯಲ್ ಸೂಸೈಡ್'. ಅಲ್ಲಿ ಎಲ್ಲರನ್ನೂ ಇಳಿಸಿ ಬಂಡೆಯ ಮೇಲೆ ನಡೆಸುತ್ತಾರೆ. ಹದಿನೆಂಟನೆಯದು 'ಆಬ್ಲಿವಿಯನ್', ರಾಫ್ಟ್ ಮಗುಚುವುದಕ್ಕೆ ಹೆಸರುವಾಸಿ. ನಮ್ಮದೂ ಮಗುಚಿತು. ತಲೆಯ ಮೇಲೆ ರಾಫ್ಟ್, ಸುತ್ತ ಕತ್ತಲು, ಮೂಗಿನಲ್ಲಿ ಜಾಂಬೆಜಿ. ಲೈಫ್ ಜಾಕೆಟ್ ತಾನಾಗಿ ಮೇಲೆತ್ತುತ್ತದೆ ಎಂದು ಗೊತ್ತಿದ್ದರೂ ಆ ಕೆಲವು ಕ್ಷಣ ನಂಬುವುದು ಕಷ್ಟ. ಮೊಸಳೆ? ಇವೆ, ಆದರೆ ಈ ಕಮರಿಯಲ್ಲಿ ಹೆಚ್ಚಾಗಿ ಸಣ್ಣವು ಎಂದ ಗೈಡ್. ಸಣ್ಣದು ಅಂದರೆ ಎಷ್ಟು ಎಂದು ನಾನು ಕೇಳಲಿಲ್ಲ. ನಿಜವಾಗಿ ಸುಸ್ತು ಮಾಡಿದ್ದು ಕೊನೆಯ ಹತ್ತುವಿಕೆ. ಕಪ್ಪು ಬಸಾಲ್ಟ್ ಬಂಡೆ ಬಿಸಿಲಿಗೆ ಕಾದಿರುತ್ತದೆ, ದಾರಿಯೂ ಕಡಿದಾದದ್ದು. ಮಂಡಿ ನೋವಿರುವವರು ಮೊದಲೇ ಯೋಚಿಸಿ.

ಕಾಲಿಗೆ ಹಗ್ಗ ಕಟ್ಟಿಕೊಂಡು ಕೆಳಗೆ ಹಾರುವ ಬಂಜಿ ಇರುವುದು 1905ರ ರೈಲು ಸೇತುವೆಯ ಮೇಲೆ, ಜಾಂಬಿಯಾ, ಜಿಂಬಾಬ್ವೆಗಳ ನಡುವೆ. 111 ಮೀಟರ್ ಹಾರಾಟ. 2011ರ ಕೊನೆಯ ದಿನ ಇಲ್ಲೇ ಹಗ್ಗ ತುಂಡಾಗಿ ಆಸ್ಟ್ರೇಲಿಯಾದ ಯುವತಿಯೊಬ್ಬಳು ನದಿಗೆ ಬಿದ್ದು ಬದುಕಿ ಬಂದಿದ್ದಳು. ಅದು ಗೊತ್ತಿದ್ದೇ ಹೋದೆ. ತೂಕ ನೋಡಿ ಕೈಮೇಲೆ ಬರೆದರು, ಕಾಲಿಗೆ ಪಟ್ಟಿ, ಮೈಗೆ ಹಾರ್ನೆಸ್. ಎಣಿಸಿದರು, ಹಾರಿದೆ, ಕಿರುಚಿದೆ, ಮುಗಿಯಿತು. ಆಮೇಲೆ ತಲೆಕೆಳಗಾಗಿ ತೂಗಾಡುತ್ತಿದ್ದವಳನ್ನು ಒಬ್ಬ ಹಗ್ಗದಲ್ಲಿ ಇಳಿದು ಬಂದು ಮೇಲೆತ್ತಿಸಿದ. ಸೇತುವೆಯ ಅಡಿಯ ಕಿರಿದಾದ ಕಬ್ಬಿಣದ ದಾರಿಯಲ್ಲಿ ನಡೆದು ಬರುವಾಗಲೇ ನನಗೆ ಕಾಲು ನಡುಗಿದ್ದು. ಬಂಜಿಯಲ್ಲಿ ನಾವು ಮಾಡುವುದೇನೂ ಇಲ್ಲ, ಬೀಳುವುದಷ್ಟೇ. ದುಡ್ಡು ಒಂದಕ್ಕೇ ಸಾಕಾಗುವುದಾದರೆ ನಾನು ಕಣ್ಣು ಮುಚ್ಚಿ ರಾಫ್ಟಿಂಗ್‌ಗೇ ಕೊಡುತ್ತೇನೆ.

ಬೋಟ್ಸ್ವಾನಾದ ಚೋಬೆ ರಾಷ್ಟ್ರೀಯ ಉದ್ಯಾನ ವಿಕ್ಟೋರಿಯಾ ಫಾಲ್ಸ್‌ನಿಂದ ರಸ್ತೆಯಲ್ಲಿ ಸುಮಾರು 80 ಕಿಲೋಮೀಟರ್. ಗಡಿಯಲ್ಲಿ ಔಷಧಿ ನೆನೆಸಿದ ಚಾಪೆಯ ಮೇಲೆ ಚಪ್ಪಲಿ ಒತ್ತಿ ಹೋಗಬೇಕು. ದನಗಳ ಕಾಲುಬಾಯಿ ರೋಗ ಒಳಗೆ ಬಾರದಿರಲಿ ಎಂದು. ಜಗತ್ತಿನಲ್ಲೇ ಅತಿ ಹೆಚ್ಚು ಆನೆಗಳಿರುವ ದೇಶ ಬೋಟ್ಸ್ವಾನಾ, ಸುಮಾರು 1.3 ಲಕ್ಷ. ಕಬಿನಿಯಲ್ಲಿ ದಂತ ಕಂಡರೆ ಅದು ಗಂಡೇ ಎಂದು ಹೇಳಿಬಿಡುತ್ತೇವೆ ಅಲ್ವಾ? ಇಲ್ಲಿ ಹೆಣ್ಣಾನೆಗೂ ದಂತ. ನಾನು ತೋರಿಸಿದ 'ಸಲಗ' ಮರಿಗೆ ಹಾಲು ಕೊಡುತ್ತಿತ್ತು, ತಮ್ಮ ಬಿದ್ದು ಬಿದ್ದು ನಕ್ಕ. ಚೋಬೆ ನದಿಯ ಮಧ್ಯೆ ಸೆಡುಡು ದ್ವೀಪ. ಅದಕ್ಕಾಗಿ ನಮೀಬಿಯಾ, ಬೋಟ್ಸ್ವಾನಾ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ, 1999ರಲ್ಲಿ ಅದು ಬೋಟ್ಸ್ವಾನಾ ಪಾಲಾಯಿತು. ಆನೆಗಳು ಹುಲ್ಲಿಗಾಗಿ ಸೊಂಡಿಲು ಮೇಲೆತ್ತಿ ಅಲ್ಲಿಗೆ ಈಜುತ್ತವೆ.

ಬೆಳಿಗ್ಗೆ ಜೀಪು, ಮಧ್ಯಾಹ್ನದ ಮೇಲೆ ದೋಣಿ ಇಟ್ಟುಕೊಳ್ಳಿ. ಬಿಸಿಲೇರಿದ ಮೇಲೆ ಆನೆಗಳು ನೀರಿಗಿಳಿಯುತ್ತವೆ. ಎರಡು ಅಂತಸ್ತಿನ ದೊಡ್ಡ ದೋಣಿ ಬೇಡ, ಅದರಲ್ಲಿ ಗಲಾಟೆ ಜಾಸ್ತಿ. ಸಣ್ಣ ದೋಣಿಯನ್ನೇ ಕೇಳಿ ಪಡೆಯಿರಿ, ದಡದ ಹತ್ತಿರ ಹೋಗಿ ಎಂಜಿನ್ ನಿಲ್ಲಿಸುತ್ತಾರೆ.